ಮನೆಯ ಫ್ರಿಜ್‌ನಲ್ಲಿ ಮಂಜುಗಡ್ಡೆ ಕಟ್ಟದಿದ್ದಲ್ಲಿ: ದೋಷ ಪತ್ತೆ, ದುರಸ್ತಿ ಹಾಗೂ ಗ್ರಾಹಕರ ಹಕ್ಕುಗಳ ಕುರಿತು ಸಾರ್ವಜನಿಕ ಮಾಹಿತಿ

1. ಪೀಠಿಕೆ

ಫ್ರಿಜ್‌ನ ಫ್ರೀಜರ್ ಖಾನೆಯಲ್ಲಿ ಇಟ್ಟ ನೀರು ಮಂಜುಗಡ್ಡೆಯಾಗದಿದ್ದಲ್ಲಿ ಬಹುತೇಕ ಗ್ರಾಹಕರು ‘ಗ್ಯಾಸ್ ಮುಗಿದಿದೆ’ ಎಂದೇ ಭಾವಿಸುತ್ತಾರೆ. ಆದರೆ ಫ್ರಿಜ್‌ನ ಅನಿಲವು ಅಡುಗೆ ಅನಿಲದಂತೆ ಬಳಸಿದಷ್ಟೂ ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಗಳಲ್ಲಿ ಅದು ಸುತ್ತುತ್ತಲೇ ಇರುತ್ತದೆ. ಸೋರಿಕೆಯಾಗದ ಹೊರತು ಅದು ಕಡಿಮೆಯಾಗುವುದಿಲ್ಲ. ಈ ಒಂದು ಅಂಶವನ್ನು ತಿಳಿದಿದ್ದರೆ ಅನಗತ್ಯ ವೆಚ್ಚವನ್ನು ಬಹುಮಟ್ಟಿಗೆ ತಪ್ಪಿಸಬಹುದಾಗಿದೆ. ಆದ್ದರಿಂದ ಗ್ರಾಹಕರು ಸ್ವತಃ ಪರಿಶೀಲಿಸಬಹುದಾದ ಅಂಶಗಳು, ತಂತ್ರಜ್ಞರಿಗೆ ವಹಿಸಬೇಕಾದ ಕೆಲಸಗಳು ಹಾಗೂ ಸೇವೆಯಲ್ಲಿ ನ್ಯೂನತೆಯಾದಾಗ ದೂರು ಸಲ್ಲಿಸುವ ವಿಧಾನವನ್ನು ಈ ಕೆಳಗೆ ವಿವರಿಸಲಾಗಿದೆ.

2. ಫ್ರಿಜ್ ಕೆಲಸ ಮಾಡುವ ವಿಧಾನ

ಫ್ರಿಜ್ ಒಳಗಿನ ಶಾಖವನ್ನು ಹೊರಕ್ಕೆ ಸಾಗಿಸುತ್ತದೆ. ಕಂಪ್ರೆಸರ್ ಅನಿಲವನ್ನು ಒತ್ತುತ್ತದೆ. ಹಿಂಬದಿಯ ಅಥವಾ ಪಕ್ಕದ ಗೋಡೆಯೊಳಗಿನ ಕಂಡೆನ್ಸರ್ ಕೊಳವೆಗಳಲ್ಲಿ ಅದು ಶಾಖವನ್ನು ಬಿಟ್ಟುಕೊಟ್ಟು ದ್ರವವಾಗುತ್ತದೆ. ನಂತರ ಅತಿ ಸಣ್ಣ ಕೊಳವೆಯ ಮೂಲಕ ಹಾಯ್ದು, ಫ್ರೀಜರ್ ಭಾಗದಲ್ಲಿ ಮತ್ತೆ ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಶಾಖ ಹೊರಹೋಗದಿರುವುದು, ಹೊರಗಿನ ಶಾಖ ಒಳನುಗ್ಗುವುದು, ಕಂಪ್ರೆಸರ್ ಚಾಲನೆಯಾಗದಿರುವುದು, ತಂಪು ಗಾಳಿ ಸಂಚರಿಸದಿರುವುದು ಅಥವಾ ಅನಿಲ ಸೋರಿಕೆ: ಮಂಜುಗಡ್ಡೆ ಕಟ್ಟದಿರಲು ಈ ಐದೇ ಮುಖ್ಯ ಕಾರಣಗಳು. ಮೊದಲ ಎರಡನ್ನು ಖರ್ಚಿಲ್ಲದೆ ಮನೆಯಲ್ಲಿಯೇ ಪರಿಶೀಲಿಸಬಹುದು.

3. ತಂತ್ರಜ್ಞರನ್ನು ಕರೆಯುವ ಮುನ್ನ ಪರಿಶೀಲಿಸಬೇಕಾದ ಅಂಶಗಳು

(ಅ) ತಾಪಮಾನದ ಗುಂಡಿ: ಸ್ವಚ್ಛಗೊಳಿಸುವಾಗ ಗುಂಡಿಯು ಕನಿಷ್ಠ ಮಟ್ಟಕ್ಕೆ ತಿರುಗಿರಬಹುದು. ಮಧ್ಯಮ ಮಟ್ಟಕ್ಕಿಂತ ತುಸು ಹೆಚ್ಚಿಗೆ ಇರಿಸಿ 24 ಗಂಟೆಗಳ ಕಾಲ ಗಮನಿಸತಕ್ಕದ್ದು.

(ಆ) ಡಿಫ್ರಾಸ್ಟ್ ಗುಂಡಿ: ಡೈರೆಕ್ಟ್ ಕೂಲ್ ಮಾದರಿಯ ಫ್ರಿಜ್‌ಗಳಲ್ಲಿ ಈ ಗುಂಡಿಯನ್ನು ಒತ್ತಿದರೆ ಹಿಮ ಕರಗುವವರೆಗೆ ಕಂಪ್ರೆಸರ್ ನಿಂತಿರುತ್ತದೆ. ಗುಂಡಿಯು ಒಳಗೇ ಸಿಕ್ಕಿಕೊಂಡಿದ್ದಲ್ಲಿ ಫ್ರಿಜ್ ತಣ್ಣಗಾಗುವುದೇ ಇಲ್ಲ.

(ಇ) ಬಾಗಿಲಿನ ರಬ್ಬರ್ ಪಟ್ಟಿ: ಬಾಗಿಲಿನ ಸಂದಿಯಲ್ಲಿ ಒಂದು ಹಾಳೆಯನ್ನಿಟ್ಟು ಮುಚ್ಚಿ, ಹೊರಕ್ಕೆ ಎಳೆಯುವುದು. ತಡೆಯಿಲ್ಲದೆ ಹಾಳೆ ಹೊರಬಂದಲ್ಲಿ ಆ ಭಾಗದಲ್ಲಿ ಪಟ್ಟಿ ಸಡಿಲವಾಗಿದೆ ಎಂದರ್ಥ. ನಾಲ್ಕೂ ಬದಿಗಳಲ್ಲಿ ಹೀಗೆ ಪರೀಕ್ಷಿಸತಕ್ಕದ್ದು. ಜಿಡ್ಡಿದ್ದಲ್ಲಿ ಸೋಪಿನ ಬಿಸಿನೀರಿನಿಂದ ಒರೆಸುವುದು. ಹರಿದಿದ್ದಲ್ಲಿ ಪಟ್ಟಿಯನ್ನು ಮಾತ್ರ ಬದಲಾಯಿಸಿದರೆ ಸಾಕು.

(ಈ) ಗಾಳಿಯಾಡುವ ಸ್ಥಳ: ಗೋಡೆಗೂ ಫ್ರಿಜ್‌ಗೂ ನಡುವೆ ಸುಮಾರು 10 ಸೆಂಟಿಮೀಟರ್ ಅಂತರವಿರಬೇಕು. ಹಿಂಬದಿಯಲ್ಲಿ ತೆರೆದ ಕೊಳವೆಗಳಿದ್ದಲ್ಲಿ, ವಿದ್ಯುತ್ ಪ್ಲಗ್ ತೆಗೆದ ನಂತರ ಧೂಳನ್ನು ಮೃದುವಾದ ಬ್ರಷ್‌ನಿಂದ ತೆಗೆಯುವುದು. ಪಕ್ಕದ ಗೋಡೆಗಳು ಬೆಚ್ಚಗಿದ್ದರೆ ಅದು ದೋಷವಲ್ಲ. ಶಾಖ ಹೊರಹೋಗುತ್ತಿದೆ ಎಂಬುದರ ಸೂಚನೆ.

(ಉ) ವಿದ್ಯುತ್ ಒತ್ತಡ: ಮನೆಗಳಿಗೆ ಪೂರೈಕೆಯಾಗುವ ವಿದ್ಯುತ್ತಿನ ನಿಗದಿತ ಒತ್ತಡ 230 ವೋಲ್ಟ್. ಸಂಜೆಯ ವೇಳೆ ಇದು ಬಹಳವಾಗಿ ಕುಸಿಯುವ ಊರುಗಳಲ್ಲಿ ಕಂಪ್ರೆಸರ್ ಗುಂಯ್‌ಗುಟ್ಟಿ, ಟಕ್ ಎಂಬ ಶಬ್ದದೊಡನೆ ನಿಂತುಹೋಗುತ್ತದೆ. ಹಗಲಿನಲ್ಲಿ ಸರಿಯಾಗಿದ್ದು ಸಂಜೆ ಮಾತ್ರ ಹೀಗಾದಲ್ಲಿ ಫ್ರಿಜ್‌ಗಿಂತ ಮೊದಲು ವಿದ್ಯುತ್ ಪೂರೈಕೆಯನ್ನು ಪರೀಕ್ಷಿಸಿಕೊಳ್ಳುವುದು. ವಿದ್ಯುತ್ ಹೋಗಿ ಬಂದಾಗ ಐದು ನಿಮಿಷಗಳ ನಂತರವೇ ಸ್ವಿಚ್ ಹಾಕತಕ್ಕದ್ದು.

(ಊ) ಹವಾಮಾನ: ಫ್ರಿಜ್‌ನ ಮಾಹಿತಿ ಫಲಕದಲ್ಲಿ ಹವಾಮಾನ ವರ್ಗವನ್ನು ನಮೂದಿಸಲಾಗಿರುತ್ತದೆ. ‘ಟಿ’ ವರ್ಗದ ಫ್ರಿಜ್ 16ರಿಂದ 43 ಡಿಗ್ರಿ ಸೆಲ್ಸಿಯಸ್ ಹಾಗೂ ‘ಎನ್’ ವರ್ಗದ್ದು 16ರಿಂದ 32 ಡಿಗ್ರಿ ಸೆಲ್ಸಿಯಸ್ ಸುತ್ತಲಿನ ಉಷ್ಣತೆಗೆ ರೂಪಿತವಾದುದು. ಕಲಬುರಗಿ, ರಾಯಚೂರುಗಳ ಬೇಸಿಗೆಯಲ್ಲಿ ಒಲೆಯ ಪಕ್ಕದಲ್ಲಿಟ್ಟ ಫ್ರಿಜ್ ಈ ಮಿತಿಯನ್ನು ಮೀರಬಹುದು. ಇದಕ್ಕೆ ವಿರುದ್ಧವಾಗಿ, ಕೊಡಗಿನ ಚಳಿಗಾಲದಲ್ಲಿ ಕೋಣೆಯೇ ತಣ್ಣಗಿರುವುದರಿಂದ ಒಂದೇ ಥರ್ಮೋಸ್ಟಾಟ್ ಇರುವ ಫ್ರಿಜ್‌ನ ಕಂಪ್ರೆಸರ್ ಅಪರೂಪಕ್ಕೆ ಚಾಲನೆಯಾಗಿ, ಫ್ರೀಜರ್‌ನಲ್ಲಿ ಮಂಜುಗಡ್ಡೆ ಕಟ್ಟದಿರಬಹುದು. ಈ ಎರಡೂ ಸಂದರ್ಭಗಳಲ್ಲಿ ದುರಸ್ತಿಯ ಅವಶ್ಯಕತೆ ಇರುವುದಿಲ್ಲ.

4. ಲಕ್ಷಣಗಳಿಂದ ದೋಷವನ್ನು ಗುರುತಿಸುವುದು

(ಅ) ಒಳಗಿನ ದೀಪ ಉರಿಯುತ್ತದೆ, ಆದರೆ ಕಂಪ್ರೆಸರ್‌ನ ಶಬ್ದವೇ ಇಲ್ಲ: ಥರ್ಮೋಸ್ಟಾಟ್, ರಿಲೇ, ವೈರಿಂಗ್ ಅಥವಾ ಇನ್ವರ್ಟರ್ ಮಾದರಿಗಳಲ್ಲಿ ನಿಯಂತ್ರಣ ಬೋರ್ಡಿನ ದೋಷವಿರಬಹುದು.

(ಆ) ವಿದ್ಯುತ್ ಒತ್ತಡ ಸರಿಯಿದ್ದರೂ ಕಂಪ್ರೆಸರ್ ಕೆಲವು ನಿಮಿಷಗಳಿಗೊಮ್ಮೆ ಗುಂಯ್‌ಗುಟ್ಟಿ ನಿಲ್ಲುತ್ತದೆ: ಚಾಲನಾ ರಿಲೇ ಅಥವಾ ಕೆಪಾಸಿಟರ್ ಕೆಟ್ಟಿರಬಹುದು. ಇವು ಕಡಿಮೆ ಬೆಲೆಯ ಬಿಡಿಭಾಗಗಳು. ಇವನ್ನು ಪರೀಕ್ಷಿಸದೆ ಕಂಪ್ರೆಸರ್ ಬದಲಾಯಿಸಲು ಒಪ್ಪತಕ್ಕದ್ದಲ್ಲ.

(ಇ) ಫ್ರಾಸ್ಟ್ ಫ್ರೀ ಮಾದರಿಯಲ್ಲಿ ಮೊದಲು ಕೆಳಗಿನ ಖಾನೆ ಬಿಸಿಯಾಗಿ, ಆನಂತರ ಫ್ರೀಜರ್ ಸಹ ದುರ್ಬಲವಾಗುತ್ತದೆ: ಒಳಗೋಡೆಯ ಹಿಂದೆ ಹಿಮ ತುಂಬಿ ಗಾಳಿಯ ದಾರಿ ಮುಚ್ಚಿರಬಹುದು. ಪ್ಲಗ್ ತೆಗೆದು, ಬಾಗಿಲು ತೆರೆದಿಟ್ಟು 24 ಗಂಟೆ ಬಿಡುವುದು. ಮತ್ತೆ ಚಾಲನೆ ಮಾಡಿದಾಗ ಚೆನ್ನಾಗಿ ತಣ್ಣಗಾಗಿ, ಕೆಲವು ದಿನಗಳ ನಂತರ ಅದೇ ತೊಂದರೆ ಮರುಕಳಿಸಿದಲ್ಲಿ, ಹಿಮ ಕರಗಿಸುವ ಹೀಟರ್, ಸೆನ್ಸರ್ ಅಥವಾ ಟೈಮರ್ ಕೆಟ್ಟಿರುವ ಸಂಭವ ಹೆಚ್ಚು. ಫ್ಯಾನ್ ತಿರುಗದಿದ್ದರೂ ಇದೇ ಲಕ್ಷಣ ಕಾಣುತ್ತದೆ.

(ಈ) ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತಿದೆ, ಹೊರಗಿನ ಕೊಳವೆಗಳು ಬೆಚ್ಚಗಿಲ್ಲ, ಫ್ರೀಜರ್‌ನ ಒಂದು ಮೂಲೆಯಲ್ಲಿ ಮಾತ್ರ ತೆಳು ಹಿಮವಿದೆ: ಅನಿಲ ಸೋರಿಕೆಯ ಅಥವಾ ಕೊಳವೆ ಕಟ್ಟಿರುವ ಲಕ್ಷಣ ಇದು. ಇನ್ವರ್ಟರ್ ಕಂಪ್ರೆಸರ್ ಕಡಿಮೆ ವೇಗದಲ್ಲಿ ದೀರ್ಘಕಾಲ ಓಡುವುದು ಸಹಜವಾದ್ದರಿಂದ, ಓಡುತ್ತಿರುವುದೊಂದೇ ದೋಷಕ್ಕೆ ಸಾಕ್ಷಿಯಾಗುವುದಿಲ್ಲ.

5. ಸುರಕ್ಷತೆಯ ಕುರಿತು ವಿಶೇಷ ಸೂಚನೆ

ಹಳೆಯ ಫ್ರಿಜ್‌ಗಳಲ್ಲಿ ಬಳಸುತ್ತಿದ್ದ ಆರ್-12 ಅನಿಲವು ಓಜೋನ್ ಪದರಕ್ಕೆ ಹಾನಿಕಾರಕವಾದ್ದರಿಂದ, 1987ರ ಮಾಂಟ್ರಿಯಲ್ ಒಪ್ಪಂದದ ಮೇರೆಗೆ ಅದರ ಬಳಕೆಯನ್ನು ಹಂತಹಂತವಾಗಿ ಕೈಬಿಡಲಾಯಿತು. ಈಗಿನ ಹಲವು ಫ್ರಿಜ್‌ಗಳಲ್ಲಿ ಆರ್-600ಎ, ಅಂದರೆ ಐಸೋಬ್ಯೂಟೇನ್ ಇರುತ್ತದೆ. ಇದು ಓಜೋನ್‌ಗೆ ಹಾನಿ ಮಾಡುವುದಿಲ್ಲ. ಆದರೆ ಸುಲಭವಾಗಿ ಹೊತ್ತಿಕೊಳ್ಳುವ ಅನಿಲವಾಗಿದೆ. ಅನಿಲದ ಹೆಸರನ್ನು ಮಾಹಿತಿ ಫಲಕದಲ್ಲಿ ನೋಡಿಕೊಳ್ಳತಕ್ಕದ್ದು. ಕೊಳವೆಗಳನ್ನು ಕತ್ತರಿಸುವ ಹಾಗೂ ಬೆಸೆಯುವ ಕೆಲಸವನ್ನು ತರಬೇತಿ ಹೊಂದಿದ ತಂತ್ರಜ್ಞರೇ, ಕಿಟಕಿ ತೆರೆದು, ಒಲೆ ಆರಿಸಿದ ನಂತರ ಮಾಡಬೇಕು.

ಫ್ರೀಜರ್‌ನ ಹಿಮವನ್ನು ಚಾಕು ಅಥವಾ ಸ್ಕ್ರೂಡ್ರೈವರ್‌ನಿಂದ ಎಂದಿಗೂ ಕೆರೆಯಬಾರದು. ಡೈರೆಕ್ಟ್ ಕೂಲ್ ಮಾದರಿಯಲ್ಲಿ ಆ ತೆಳು ಲೋಹದ ಹಾಳೆಯಲ್ಲಿಯೇ ಅನಿಲದ ಕೊಳವೆ ಇರುತ್ತದೆ. ಒಂದು ರಂಧ್ರವಾದರೂ ಅನಿಲವೆಲ್ಲ ಹೊರಹೋಗುತ್ತದೆ.

6. ಅನಿಲ ತುಂಬಿಸುವಾಗ ಗ್ರಾಹಕರು ಕೇಳಬೇಕಾದುದು

ಸೋರಿಕೆಯನ್ನು ಪತ್ತೆ ಮಾಡದೆ ಅನಿಲ ತುಂಬಿಸಿದರೆ ಅದು ಮತ್ತೆ ಸೋರಿಹೋಗುತ್ತದೆ. ಆದ್ದರಿಂದ ಈ ಕೆಳಕಂಡ ಕ್ರಮಗಳು ನಡೆದಿವೆಯೇ ಎಂಬುದನ್ನು ಖಚಿತಪಡಿಸಿಕೊಳ್ಳುವುದು:

- ನೈಟ್ರೋಜನ್ ಒತ್ತಡದಿಂದ ಸೋರಿಕೆಯ ಪರೀಕ್ಷೆ ಮತ್ತು ಸೋರುವ ಜಾಗದ ದುರಸ್ತಿ;
- ಹಳೆಯ ಫಿಲ್ಟರ್ ಡ್ರೈಯರ್ ತೆಗೆದು ಹೊಸತನ್ನು ಅಳವಡಿಸುವುದು;
- ವ್ಯಾಕ್ಯೂಮ್ ಪಂಪ್‌ನಿಂದ ಗಾಳಿ ಮತ್ತು ತೇವಾಂಶವನ್ನು ಹೊರತೆಗೆಯುವುದು;
- ಮಾಹಿತಿ ಫಲಕದಲ್ಲಿ ನಮೂದಿಸಿರುವ ಅನಿಲವನ್ನೇ, ನಮೂದಿಸಿರುವ ಗ್ರಾಂ ಪ್ರಮಾಣದಲ್ಲಿ ತೂಕ ಮಾಡಿ ತುಂಬಿಸುವುದು.

ಕೆಲಸ ಆರಂಭಿಸುವ ಮುನ್ನ ಅಂದಾಜು ವೆಚ್ಚವನ್ನು ಬರಹದಲ್ಲಿ ಪಡೆಯುವುದು. ಬದಲಾಯಿಸಿದ ಹಳೆಯ ಬಿಡಿಭಾಗವನ್ನು ಕೇಳಿ ಪಡೆಯುವುದು. ರಸೀದಿಯಲ್ಲಿ ದೋಷದ ವಿವರ, ಬಿಡಿಭಾಗದ ಹೆಸರು, ಕೂಲಿ ಹಾಗೂ ದುರಸ್ತಿಯ ಖಾತರಿ ಅವಧಿಯನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳುವುದು. ಕಂಪ್ರೆಸರ್‌ಗೆ ದೀರ್ಘಾವಧಿಯ ವಾರಂಟಿ ಇದ್ದರೂ ಅದು ಅನಿಲ ಹಾಗೂ ಕೂಲಿಗೆ ಅನ್ವಯಿಸದಿರಬಹುದು. ಆದ್ದರಿಂದ ವಾರಂಟಿ ಕಾರ್ಡನ್ನು ಮೊದಲೇ ಓದಿಕೊಳ್ಳತಕ್ಕದ್ದು.

7. ದುರಸ್ತಿಯ ಅವಧಿಯಲ್ಲಿ ಔಷಧ ಮತ್ತು ಆಹಾರ

ಮನೆಯಲ್ಲಿ ಇನ್ಸುಲಿನ್ ಬಳಸುವವರಿದ್ದಲ್ಲಿ ಫ್ರಿಜ್‌ನ ದೋಷವನ್ನು ಮಂಜುಗಡ್ಡೆಯ ಪ್ರಶ್ನೆಯೆಂದಷ್ಟೇ ಪರಿಗಣಿಸಬಾರದು. ತೆರೆಯದ ಇನ್ಸುಲಿನ್ ಅನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಿಸಬೇಕು. ಅದು ಹೆಪ್ಪುಗಟ್ಟಿದರೆ ಬಳಕೆಗೆ ಯೋಗ್ಯವಲ್ಲ. ಆದ್ದರಿಂದ ಗುಂಡಿಯನ್ನು ಗರಿಷ್ಠ ಮಟ್ಟಕ್ಕೆ ತಿರುಗಿಸಿ ಪರೀಕ್ಷಿಸುವ ಮುನ್ನ ಔಷಧವನ್ನು ನೆರೆಮನೆಯ ಅಥವಾ ಔಷಧ ಅಂಗಡಿಯ ಫ್ರಿಜ್‌ಗೆ ಸ್ಥಳಾಂತರಿಸುವುದು. ಉಷ್ಣತೆ ಏರಿದ್ದ ಅವಧಿ ತಿಳಿಯದಿದ್ದಲ್ಲಿ ವೈದ್ಯರನ್ನು ಕೇಳಿಯೇ ಬಳಸತಕ್ಕದ್ದು. ಬಾಗಿಲು ತೆರೆಯದಿದ್ದಲ್ಲಿ ಕೆಳಖಾನೆಯ ಆಹಾರ ಸುಮಾರು 4 ಗಂಟೆಗಳವರೆಗೆ ಸುರಕ್ಷಿತವಾಗಿರುತ್ತದೆ.

8. ದೂರು ಸಲ್ಲಿಸುವ ವಿಧಾನ

2020ರ ಜುಲೈ 20ರಿಂದ ಜಾರಿಗೆ ಬಂದಿರುವ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದೋಷಯುಕ್ತ ಸರಕು ಹಾಗೂ ನ್ಯೂನ ಸೇವೆ ಎರಡರ ವಿರುದ್ಧವೂ ದೂರು ನೀಡಬಹುದು. ರಸೀದಿ ನೀಡದಿರುವುದು ಸಹ ಅನುಚಿತ ವ್ಯಾಪಾರ ಪದ್ಧತಿಯಾಗಿದೆ.

(ಅ) ಮೊದಲು ಮಾರಾಟಗಾರರಿಗೆ ಅಥವಾ ತಯಾರಕರ ಸೇವಾ ಕೇಂದ್ರಕ್ಕೆ ಬರಹದಲ್ಲಿ ದೂರು ನೀಡಿ, ದೂರಿನ ಸಂಖ್ಯೆಯನ್ನು ಕಾಯ್ದಿರಿಸಿಕೊಳ್ಳುವುದು.

(ಆ) ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವುದು.

(ಇ) ಆನಂತರವೂ ಇತ್ಯರ್ಥವಾಗದಿದ್ದಲ್ಲಿ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗಕ್ಕೆ ದೂರು ಸಲ್ಲಿಸುವುದು. ದೂರುದಾರರು ತಾವು ವಾಸಿಸುವ ಅಥವಾ ಉದ್ಯೋಗ ಮಾಡುವ ಜಿಲ್ಲೆಯಲ್ಲಿಯೇ ದೂರು ನೀಡಬಹುದು. ಪಾವತಿಸಿದ ಮೌಲ್ಯ 5 ಲಕ್ಷ ರೂಪಾಯಿಗಳವರೆಗೆ ಇದ್ದಲ್ಲಿ ಶುಲ್ಕವಿರುವುದಿಲ್ಲ. ವಕೀಲರ ನೇಮಕ ಕಡ್ಡಾಯವಲ್ಲ. ದೂರಿಗೆ ಕಾರಣ ಉಂಟಾದ ದಿನಾಂಕದಿಂದ 2 ವರ್ಷಗಳೊಳಗೆ ಸಲ್ಲಿಸತಕ್ಕದ್ದು.

ಲಗತ್ತಿಸಬೇಕಾದ ದಾಖಲೆಗಳು: ಖರೀದಿ ರಸೀದಿ, ವಾರಂಟಿ ಕಾರ್ಡ್, ದುರಸ್ತಿಯ ರಸೀದಿಗಳು, ಪತ್ರ ವ್ಯವಹಾರದ ಪ್ರತಿಗಳು ಮತ್ತು ಮಾಹಿತಿ ಫಲಕದ ಛಾಯಾಚಿತ್ರ. ತಯಾರಿಕೆಯ ದೋಷದ ಕುರಿತು ವಿವಾದವಿದ್ದಲ್ಲಿ ಆಯೋಗವು ಪ್ರಯೋಗಾಲಯದ ಪರೀಕ್ಷೆಗೆ ಆದೇಶಿಸಬಹುದಾಗಿರುವುದರಿಂದ, ಅದಕ್ಕೆ ಮುನ್ನ ಬೇರೆಯವರಿಂದ ಯಂತ್ರವನ್ನು ಬಿಚ್ಚಿಸದಿರುವುದು ಸೂಕ್ತ.

9. ಹಳೆಯ ಫ್ರಿಜ್‌ನ ವಿಲೇವಾರಿ

ದುರಸ್ತಿಗೆ ಯೋಗ್ಯವಲ್ಲದ ಫ್ರಿಜ್ ಇ-ತ್ಯಾಜ್ಯವಾಗಿರುತ್ತದೆ. ಅದನ್ನು ಗುಜರಿಗೆ ಹಾಕದೆ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವುದು. ಮಕ್ಕಳು ಒಳಗೆ ಸಿಲುಕಿ ಉಸಿರುಗಟ್ಟುವ ಅಪಾಯವಿರುವುದರಿಂದ, ಹೊರಗಿಡುವ ಮುನ್ನ ಬಾಗಿಲನ್ನು ಕಡ್ಡಾಯವಾಗಿ ಕಳಚತಕ್ಕದ್ದು.

ಗ್ರಾಹಕರು ಮೇಲ್ಕಂಡ ಪರಿಶೀಲನೆಗಳನ್ನು ಕ್ರಮವಾಗಿ ಮಾಡಿ, ಕಂಡ ಲಕ್ಷಣಗಳನ್ನು ಒಂದು ಹಾಳೆಯಲ್ಲಿ ದಿನಾಂಕ ಸಹಿತ ಬರೆದಿಟ್ಟುಕೊಳ್ಳಲು ಕೋರಲಾಗಿದೆ. ತಂತ್ರಜ್ಞರಿಗೆ ದೋಷವನ್ನು ತಿಳಿಸಲೂ, ಅಗತ್ಯಬಿದ್ದಲ್ಲಿ ಆಯೋಗದ ಮುಂದೆ ಹಾಜರುಪಡಿಸಲೂ ಆ ಹಾಳೆಯು ಉಪಯುಕ್ತವಾಗುತ್ತದೆ.