ನೌಕರರ ಮಾಹಿತಿ: ನೋಡುವ ಅಧಿಕಾರ ಯಾರಿಗೆ?

ಪುಣೆ ಜಿಲ್ಲೆಯ ಜೇಜುರಿಯು ಖಂಡೋಬನ ಕ್ಷೇತ್ರವೆಂದು ಪ್ರಸಿದ್ಧವಾಗಿದೆ. ಕರ್ನಾಟಕದ ಮೈಲಾರಲಿಂಗನ ಒಕ್ಕಲುಗಳೂ ಅಲ್ಲಿಗೆ ಹೋಗಿಬರುವುದುಂಟು. ಅದೇ ಊರಿನಲ್ಲಿ ಕೈಗಾರಿಕಾ ಪ್ರದೇಶವೊಂದಿರುವುದು ಯಾತ್ರಿಕರ ಗಮನಕ್ಕೆ ಅಷ್ಟಾಗಿ ಬಾರದು. ಇಂತಹ ಕಡೆ ಕಾರ್ಖಾನೆಯ ಕೆಲಸಕ್ಕೆ ಸೇರುವವರು ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಭವಿಷ್ಯನಿಧಿಯ ನಾಮನಿರ್ದೇಶನ, ಕೆಲವೊಮ್ಮೆ ವೈದ್ಯಕೀಯ ವರದಿಯನ್ನೂ ಕಚೇರಿಗೆ ಒಪ್ಪಿಸುತ್ತಾರೆ. ಅವನ್ನು ಮುಂದೆ ಯಾರು ಯಾರು ನೋಡಬಲ್ಲರೆಂದು ವಿಚಾರಿಸುವವರು ವಿರಳ.

ದ್ವಾರದ ಕಾವಲೊಂದರಿಂದಲೇ ಮಾಹಿತಿಯು ಸುರಕ್ಷಿತವಾಗಿರದು ಎಂಬುದಕ್ಕೆ ಪುಣೆ ನಗರದಲ್ಲಿಯೇ 2005ರಲ್ಲಿ ನಿದರ್ಶನ ದೊರೆಯಿತು. ಅಮೆರಿಕದ ಬ್ಯಾಂಕ್ ಗ್ರಾಹಕರ ಕರೆಗಳಿಗೆ ಉತ್ತರಿಸುತ್ತಿದ್ದ ಕಾಲ್ ಸೆಂಟರೊಂದರ ಕೆಲವು ಮಾಜಿ ನೌಕರರು, ಗ್ರಾಹಕರ ವಿಶ್ವಾಸ ಗಳಿಸಿ ಗುಪ್ತಸಂಖ್ಯೆಗಳನ್ನು ತಿಳಿದುಕೊಂಡು, ಸುಮಾರು 3.5 ಲಕ್ಷ ಡಾಲರ್ ವರ್ಗಾಯಿಸಿಕೊಂಡರೆಂಬ ಆರೋಪದ ಮೇಲೆ ಬಂಧನಗಳಾದವು. ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ತಪಾಸಣೆ ಇದ್ದುದರಿಂದ ಸಂಖ್ಯೆಗಳನ್ನು ಬರೆದೊಯ್ಯುವಂತಿರಲಿಲ್ಲ. ಬಾಯಿಪಾಠ ಮಾಡಿಕೊಂಡೇ ಹೊರತಂದರೆಂದು ಆಗ ವರದಿಯಾಯಿತು. ಕಣ್ಣಿಗೆ ಬಿದ್ದದ್ದನ್ನು ಮನಸ್ಸಿನಿಂದ ಅಳಿಸುವ ಉಪಾಯ ಯಾವ ಸಂಸ್ಥೆಯಲ್ಲಿಯೂ ಇಲ್ಲ. ಆದುದರಿಂದ ಅನಗತ್ಯವಾದುದು ಕಣ್ಣಿಗೆ ಬೀಳದಂತೆ ಮೊದಲೇ ಏರ್ಪಾಡು ಮಾಡಬೇಕಾಗುತ್ತದೆ.

ವೇತನ ಗುಮಾಸ್ತರಿಗೆ ಖಾತೆಯ ಸಂಖ್ಯೆ ಬೇಕು, ವೈದ್ಯಕೀಯ ವರದಿ ಬೇಡ. ಮೇಲ್ವಿಚಾರಕರಿಗೆ ಹಾಜರಿ ಸಾಕು. ಖಾತೆಯ ಸಂಖ್ಯೆಯನ್ನು ಒಬ್ಬರು ತಿದ್ದಿದರೆ ಮತ್ತೊಬ್ಬರು ಅನುಮೋದಿಸುವ ಕ್ರಮವಿರಬೇಕು. ಇಡೀ ವಿಭಾಗವೇ ಒಂದು ಪಾಸ್‌ವರ್ಡ್ ಬಳಸುವ ರೂಢಿಯಂತೂ ತೀರಾ ಅಪಾಯಕಾರಿ: ಅಲ್ಲಿ ತಪ್ಪಿತಸ್ಥರು ಸಿಕ್ಕಿಬೀಳುವುದಿರಲಿ, ನಿರಪರಾಧಿಗಳು ತಮ್ಮ ನಿರ್ದೋಷಿತ್ವವನ್ನು ತೋರಿಸುವುದೂ ಕಷ್ಟವಾಗುತ್ತದೆ. ಪ್ರತಿಯೊಬ್ಬರಿಗೂ ಪ್ರತ್ಯೇಕ ಪ್ರವೇಶ, ಯಾರು ಯಾವಾಗ ಏನನ್ನು ತೆರೆದರೆಂಬ ದಾಖಲೆ, ಇವೆರಡೂ ಇರಲೇಬೇಕು. ವರ್ಗವಾದವರ ಹಳೆಯ ಅಧಿಕಾರವನ್ನು ಹಿಂದಕ್ಕೆ ಪಡೆಯುವುದು ಸಾಮಾನ್ಯವಾಗಿ ಮರೆತುಹೋಗುತ್ತದೆ. ಕೆಲಸ ಬಿಟ್ಟವರ ಪ್ರವೇಶವನ್ನು ಅಂದೇ ರದ್ದುಪಡಿಸತಕ್ಕದ್ದು.

ಕರಾರನ್ನು ಮೀರಿ ವೈಯಕ್ತಿಕ ಮಾಹಿತಿಯನ್ನು ಬಹಿರಂಗಪಡಿಸುವ ನೌಕರರಿಗೆ ಮಾಹಿತಿ ತಂತ್ರಜ್ಞಾನ ಅಧಿನಿಯಮದ 72ಎ ಪ್ರಕರಣದಂತೆ ಮೂರು ವರ್ಷಗಳವರೆಗೆ ಕಾರಾಗೃಹವಾಸ ವಿಧಿಸಬಹುದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ಹೊಣೆಯನ್ನು ಸಂಸ್ಥೆಯ ಮೇಲೆಯೇ ಹೊರಿಸುತ್ತದೆ: ಸೂಕ್ತ ಭದ್ರತೆ ಒದಗಿಸದಿದ್ದರೆ 250 ಕೋಟಿ ರೂಪಾಯಿಗಳವರೆಗೆ ದಂಡವಿದೆ. ಪ್ರವೇಶದ ದಾಖಲೆಗಳನ್ನು ಕನಿಷ್ಠ ಒಂದು ವರ್ಷ ಕಾಯ್ದಿಡಬೇಕೆಂದು 2025ರ ನವೆಂಬರಿನಲ್ಲಿ ಪ್ರಕಟವಾದ ನಿಯಮಗಳು ಹೇಳುತ್ತವೆ. ಈ ವ್ಯವಸ್ಥೆಗಳನ್ನು ಮಾಡಿಕೊಳ್ಳಲು ಸಂಸ್ಥೆಗಳಿಗೆ ಆಗ 18 ತಿಂಗಳ ಕಾಲಾವಕಾಶ ನೀಡಲಾಯಿತು.

ಗುರುತಿಗಾಗಿ ಮಾತ್ರ ಆಧಾರ್ ಪ್ರತಿಯನ್ನು ಕೇಳಿದಲ್ಲಿ, ಮೊದಲ ಎಂಟು ಅಂಕಿಗಳನ್ನು ಮರೆಮಾಡಿದ ಪ್ರತಿಯನ್ನು ಕೊಡಬಹುದು. ಅದನ್ನು ಆಧಾರ್ ಪ್ರಾಧಿಕಾರದ ಜಾಲತಾಣದಿಂದ ಪಡೆಯಬಹುದಾಗಿದೆ.