ತಗಡಿನ ಚಾವಣಿಯಲ್ಲಿ ಸೌದೆ ಒಲೆಯ ಹೊಗೆಕೊಳವೆ

ಸೌದೆ ಒಲೆಯ ಹೊಗೆಕೊಳವೆಯನ್ನು ತಗಡಿನ ಚಾವಣಿಯ ಮೂಲಕ ಹೊರಕ್ಕೆ ಒಯ್ದು, ಅದರ ಸುತ್ತ ನೀರು ಸೋರದಂತೆ ಭದ್ರಪಡಿಸುವುದು ಗೃಹನಿರ್ಮಾಣದ ಒಂದು ಸೂಕ್ಷ್ಮ ಕಾರ್ಯ. ಕೆನಡಾ, ಅಮೆರಿಕ ಸಂಯುಕ್ತ ಸಂಸ್ಥಾನ, ನ್ಯೂಜಿಲೆಂಡ್ ಮುಂತಾದ ದೇಶಗಳ ಚಳಿ ಪ್ರದೇಶಗಳಲ್ಲಿ ಕೊಠಡಿಯನ್ನು ಬೆಚ್ಚಗಿಡಲು ಕಬ್ಬಿಣದ ಮುಚ್ಚಿದ ಒಲೆಗಳನ್ನು ಬಳಸುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪುಗೊಂಡ ಅಸ್ತ್ರ ಒಲೆಗೂ ಹೊಗೆಕೊಳವೆಯಿದೆ. ಆದರೆ ಅದು ಅಡುಗೆಯ ಒಲೆ. ಈ ಲೇಖನವು ಕೊಠಡಿ ಕಾಯಿಸುವ ಒಲೆಗೆ ಸಂಬಂಧಿಸಿದೆ.

ಎರಡು ಅಪಾಯಗಳು

ಚಾವಣಿಯ ರಂಧ್ರದಲ್ಲಿ ಮೇಲಿನಿಂದ ಮಳೆನೀರಿನ ಭಯ, ಒಳಗಿನಿಂದ ಬೆಂಕಿಯ ಭಯ. ನೀರನ್ನು ತಡೆಯಲು ತಗಡಿನ ಮೇಲ್ಭಾಗದ ಸಂದನ್ನು ಮುಚ್ಚಬೇಕು. ಬೆಂಕಿಯನ್ನು ತಡೆಯಲು ಕೊಳವೆಗೂ ಜಂತಿ, ರೀಪುಗಳಿಗೂ ನಡುವೆ ಸಂದನ್ನು ಬಿಡಬೇಕು. ಈ ಭೇದವನ್ನು ಮರೆತು, ಬಿಟ್ಟ ಜಾಗಕ್ಕೆ ಹತ್ತಿಯಂಥ ಶಾಖನಿರೋಧಕ ವಸ್ತುವನ್ನು ತುರುಕುವುದು ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ಗಾಳಿಯಾಡದೆ ಶಾಖ ಅಲ್ಲಿಯೇ ನಿಲ್ಲುತ್ತದೆ. ವರ್ಷಗಟ್ಟಲೆ ಕಾದ ಮರವು ನಿಧಾನವಾಗಿ ಇದ್ದಿಲಾಗುತ್ತ ಹೋಗಿ, ಹೊಸ ಮರಕ್ಕಿಂತ ಕಡಿಮೆ ಉಷ್ಣತೆಯಲ್ಲೇ ಹೊತ್ತಿಕೊಳ್ಳಬಲ್ಲದು. ಆದುದರಿಂದ ಮೊದಲ ಚಳಿಗಾಲದಲ್ಲಿ ಏನೂ ಆಗಲಿಲ್ಲವೆಂಬುದು ಸುರಕ್ಷತೆಗೆ ಸಾಕ್ಷಿಯಲ್ಲ.

ಉತ್ತರ ಅಮೆರಿಕದ ರೂಢಿಯಲ್ಲಿ ಚಾವಣಿಯನ್ನು ದಾಟುವ ಭಾಗಕ್ಕೆ ಶಾಖನಿರೋಧಕ ತುಂಬಿದ ಜೋಡಿಗೋಡೆಯ ಕೊಳವೆಯನ್ನೇ ಬಳಸಬೇಕು. ಅದರ ಸುತ್ತ ಸಾಮಾನ್ಯವಾಗಿ 2 ಅಂಗುಲ ತೆರವು ಬೇಕು. ಒಲೆಯಿಂದ ಮಾಡಿನವರೆಗೆ ಬರುವ ಒಂಟಿಗೋಡೆಯ ಕೊಳವೆಗೆ 18 ಅಂಗುಲ. ತಯಾರಕರು ಬೇರೆ ಅಳತೆ ಸೂಚಿಸಿದ್ದರೆ ಅದೇ ಅಂತಿಮ.

ಸ್ಥಳ ಮತ್ತು ಎತ್ತರ

ಕೊಳವೆಯು ಚಾವಣಿಯ ನೆತ್ತಿಗೆ ಹತ್ತಿರವಾದಷ್ಟೂ ಒಳ್ಳೆಯದು: ಮೇಲಿನಿಂದ ಹರಿದುಬರುವ ನೀರು ಕಡಿಮೆ, ಜಾರುವ ಹಿಮದ ಒತ್ತಡವೂ ಕಡಿಮೆ. ಕೊಳವೆಯ ಹೆಚ್ಚು ಭಾಗ ಮನೆಯೊಳಗೇ ಉಳಿದು ಬೆಚ್ಚಗಿರುವುದರಿಂದ ಹೊಗೆ ಸರಾಗವಾಗಿ ಏರುತ್ತದೆ. ಕೊಳವೆಯ ತುದಿ ಚಾವಣಿಯಿಂದ ಕನಿಷ್ಠ 3 ಅಡಿ ಮೇಲಿರಬೇಕು. 10 ಅಡಿಯೊಳಗಿನ ಯಾವುದೇ ಭಾಗಕ್ಕಿಂತ 2 ಅಡಿ ಎತ್ತರವಿರಬೇಕು.

ಸಂದು ಮುಚ್ಚುವಿಕೆ

ತಗಡನ್ನು ತಗಡು ಕತ್ತರಿಯಿಂದ ಕತ್ತರಿಸುವುದು ಲೇಸು. ಗ್ರೈಂಡರಿನ ಕಿಡಿಗಳು ಬಣ್ಣ ಮತ್ತು ಸತುವಿನ ಲೇಪವನ್ನು ಸುಡುತ್ತವೆ. ಬಿದ್ದ ಕಬ್ಬಿಣದ ಚೂರುಗಳನ್ನು ಗುಡಿಸದಿದ್ದರೆ ಅಲ್ಲಲ್ಲಿ ತುಕ್ಕು ಹಿಡಿಯುತ್ತದೆ.

ಏರುತಗ್ಗಿನ ತಗಡಿಗೆ ಬಾಗುವ ಅಂಚುಳ್ಳ ರಬ್ಬರಿನ ತೋಳನ್ನು ಬಳಸುತ್ತಾರೆ. ಅಂಚನ್ನು ತಗಡಿನ ಏಣುಗಳಿಗೆ ಒತ್ತಿ ಕೂರಿಸಿ, ಅಡಿಯಲ್ಲಿ ಸೀಲೆಂಟ್ ಹಚ್ಚಿ, ರಬ್ಬರ್ ವಾಷರ್ ಇರುವ ಸ್ಕ್ರೂಗಳಿಂದ ಬಿಗಿಯುತ್ತಾರೆ. ಚೌಕಾಕಾರದ ಅಂಚನ್ನು ಓರೆಯಾಗಿ, ಒಂದು ಮೂಲೆ ಮೇಲ್ಮುಖವಾಗುವಂತೆ ಇಟ್ಟರೆ ನೀರು ಎರಡು ಕಡೆಗೂ ಹರಿದುಹೋಗುತ್ತದೆ. ಹೊಗೆಕೊಳವೆಗೆ ಸಾಧಾರಣ ರಬ್ಬರಿಗಿಂತ ಹೆಚ್ಚು ಶಾಖ ತಾಳುವ ಸಿಲಿಕೋನ್ ತೋಳು ತಕ್ಕುದು. ಹುಳಿವಾಸನೆ ಬೀರುತ್ತ ಒಣಗುವ ಸಿಲಿಕೋನ್ ಸೀಲೆಂಟಿನಿಂದ ಹೊರಬರುವ ಅಸಿಟಿಕ್ ಆಮ್ಲವು ಸತುವನ್ನು ತಿನ್ನುತ್ತದೆ. ತಗಡಿಗೆ ತಟಸ್ಥ ಬಗೆಯದೇ ಬೇಕು.

ಕೊಳವೆಯನ್ನು ತಗಡಿಗೆ ಸ್ಕ್ರೂ ಹಾಕಿ ಬಂಧಿಸಬಾರದು. ಅದರ ಭಾರವನ್ನು ಜಂತಿಗಳಿಗೆ ಜೋಡಿಸಿದ ಆಧಾರವೇ ಹೊರಬೇಕು. 3 ಮೀಟರ್ ಉದ್ದದ ತುಕ್ಕುರಹಿತ ಉಕ್ಕು 300 ಡಿಗ್ರಿ ಸೆಲ್ಸಿಯಸ್‌ನಷ್ಟು ಹೆಚ್ಚು ಕಾದರೆ ಸುಮಾರು 15 ಮಿಲಿಮೀಟರ್ ಹಿಗ್ಗುತ್ತದೆ. ಬಿಸಿಲಿಗೆ ತಗಡೂ ಹಿಗ್ಗುತ್ತದೆ. ಈ ಚಲನೆಗೆ ಎಡೆಯಿಲ್ಲದಿದ್ದರೆ ಎಷ್ಟೇ ಸೀಲೆಂಟ್ ಬಳಿದರೂ ಬಿರುಕು ಬಿಡುತ್ತದೆ. ತೋಳಿನ ಮೇಲ್ಗಡೆ ಕೊಳವೆಗೆ ಸುತ್ತುವ ಲೋಹದ ಕೊರಳಪಟ್ಟಿಯು ನೀರನ್ನು ಕೊಡೆಯಂತೆ ಆಚೆಗೆ ಚೆಲ್ಲುತ್ತದೆ.

ನಿರ್ವಹಣೆ

ಹಸಿ ಸೌದೆಯ ಹೊಗೆ ತಣ್ಣನೆಯ ಕೊಳವೆಯಲ್ಲಿ ಸಾಂದ್ರೀಕರಿಸಿ ಕ್ರಿಯೋಸೋಟ್ ಎಂಬ ಟಾರಿನಂಥ ಮಸಿಯಾಗುತ್ತದೆ. ಇದಕ್ಕೆ ಬೆಂಕಿ ತಗುಲಿದರೆ ಕೊಳವೆಯೊಳಗಿನ ಉಷ್ಣತೆ 1,000 ಡಿಗ್ರಿ ಸೆಲ್ಸಿಯಸ್ ಮೀರಬಹುದು. ಜಂತಿಯ ಬಳಿ ಬಿಟ್ಟ ತೆರವು ಆಗಲೇ ಉಪಯೋಗಕ್ಕೆ ಬರುವುದು. ಒಂಟಿಗೋಡೆಯ ಕೊಳವೆಯ ತುಂಡುಗಳ ಕಿರಿದಾದ ತುದಿಯನ್ನು ಒಲೆಯ ಕಡೆಗೆ ಮುಖಮಾಡಿ ಜೋಡಿಸುವುದೂ ಇದೇ ಮಸಿಯ ಕಾರಣದಿಂದ: ಇಳಿಯುವ ದ್ರವ ಹೊರಗೆ ತೊಟ್ಟಿಕ್ಕದೆ ಒಲೆಗೇ ಮರಳುತ್ತದೆ. ವರ್ಷಕ್ಕೊಮ್ಮೆಯಾದರೂ ಕೊಳವೆಯನ್ನು ಪರೀಕ್ಷಿಸಿ, ಮಸಿ ಕಂಡರೆ ಶುಚಿಗೊಳಿಸುತ್ತಾರೆ. ರಬ್ಬರ್ ತೋಳಿನ ಬಿರುಕು, ಸಡಿಲಗೊಂಡ ಸ್ಕ್ರೂಗಳನ್ನು ನೋಡುವುದೂ ಅದೇ ಸಂದರ್ಭದಲ್ಲಿ.