ತೆರೆಯ ಹಿಂದಿನ ಕುರುಬರು



ಕ್ರಿಸ್ತ ಜಯಂತಿ ಬಂತೆಂದರೆ ನಮ್ಮ ಮನೆಗಳಲ್ಲಿ ಗೋದಲಿಯ ದೀಪದ ಜೊತೆಗೆ ಟಿ.ವಿ.ಯ ಬೆಳಕೂ ಇರುತ್ತದೆ. ರೋಮಿನ ಬಲಿಪೂಜೆ, ಯಾವುದೋ ಮಹಾದೇವಾಲಯದ ಗಾನವೃಂದ, ಮಕ್ಕಳ ಕ್ಯಾರಲ್ ಗೀತೆಗಳು ನಡುಮನೆಗೇ ಬರುತ್ತವೆ. ಹಾಡುವವರನ್ನು ನಾವು ನೋಡುತ್ತೇವೆ. ಆ ಹಾಡನ್ನು ನಮಗೆ ತಲುಪಿಸಿದವರನ್ನು ಮಾತ್ರ ನೋಡುವುದಿಲ್ಲ. ಈ ಹಬ್ಬದಲ್ಲಿ ಅವರನ್ನೊಮ್ಮೆ ನೆನೆಯೋಣ.

ಮೊದಲ ಕ್ರಿಸ್ಮಸ್ ಗಾನವನ್ನು ಕೇಳಿದವರು ಯಾರು? ಊರೆಲ್ಲ ಮಲಗಿದ್ದಾಗ ಬಯಲಿನಲ್ಲಿ ಮಂದೆ ಕಾಯುತ್ತಾ ಎಚ್ಚರವಾಗಿದ್ದ ಕುರುಬರು ಎನ್ನುತ್ತಾರೆ ಸಂತ ಲೂಕರು. ರಾತ್ರಿ ಪಾಳಿಯ ಕೆಲಸಗಾರರಿಗೇ ಆ ಶುಭವಾರ್ತೆ ಮೊದಲು ಸಿಕ್ಕಿತು. ಅದನ್ನು ಇತರರಿಗೆ ಮುಟ್ಟಿಸಿದವರೂ ಅವರೇ.

ನೇರ ಪ್ರಸಾರದ ಕೆಲಸವೂ ಇಂಥ ಎಚ್ಚರದ ಕೆಲಸ. ದೇವಾಲಯದ ಒಳಗೆ ನಾಲ್ಕಾರು ಕಡೆ ಕ್ಯಾಮೆರಾಗಳು ಇರುತ್ತವೆ. ಒಂದೊಂದಕ್ಕೂ ಒಬ್ಬರು. ಆ ಚಿತ್ರಗಳೆಲ್ಲ ಹೊರಗೆ ನಿಂತ ವ್ಯಾನಿಗೆ ಬರುತ್ತವೆ. ಅಲ್ಲಿ ನಿರ್ದೇಶಕರು ಸಾಲುಸಾಲು ಪರದೆಗಳನ್ನು ನೋಡುತ್ತಾ ಮುಂದಿನ ಚಿತ್ರ ಯಾವುದೆಂದು ಕೂಗಿ ಹೇಳುತ್ತಾರೆ, ಪಕ್ಕದಲ್ಲಿದ್ದವರು ಆ ಕ್ಷಣವೇ ಗುಂಡಿ ಒತ್ತುತ್ತಾರೆ. ಗಾಯಕರ ದನಿ, ವಾದ್ಯ, ಭಕ್ತಾದಿಗಳ ದನಿ ಒಂದನ್ನೊಂದು ನುಂಗದಂತೆ ಧ್ವನಿ ತಂತ್ರಜ್ಞರು ಸರಿದೂಗಿಸುತ್ತಾರೆ. ಕಿವಿಗೆ ಹೆಡ್‌ಫೋನ್ ಹಾಕಿದ ಇನ್ನೊಬ್ಬರು ಗಾನವೃಂದದ ನಾಯಕರಿಗೆ ಕೈಸನ್ನೆ ಕೊಡುತ್ತಾರೆ. ಯಾರೂ ಎಡವದಂತೆ ಕೇಬಲ್ಲುಗಳ ಮೇಲೆ ಪಟ್ಟಿ ಅಂಟಿಸುವವರು, ಕರೆಂಟು ಹೋದರೆಂದು ಜನರೇಟರ್ ಪಕ್ಕ ಕಾಯುವವರು ಬೇರೆ. ಮುದ್ರಿಸಿದ ಕಾರ್ಯಕ್ರಮದಲ್ಲಿ ತಪ್ಪನ್ನು ತಿದ್ದಬಹುದು. ನೇರ ಪ್ರಸಾರದಲ್ಲಿ ಕಳೆದ ಕ್ಷಣ ತಿರುಗಿ ಬರುವುದಿಲ್ಲ.

ಇಂಗ್ಲೆಂಡಿನ ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜಿನಲ್ಲಿ 1918ರಿಂದ ಕ್ರಿಸ್ಮಸ್ ಮುನ್ನಾದಿನ ಒಂಬತ್ತು ವಾಚನಗಳ ಗಾನಾರಾಧನೆ ನಡೆಯುತ್ತಿದೆ. 1928ರಲ್ಲಿ ಬಿ.ಬಿ.ಸಿ. ರೇಡಿಯೋ ಇದನ್ನು ಮೊದಲು ಪ್ರಸಾರ ಮಾಡಿತು. ಅಲ್ಲಿಂದೀಚೆಗೆ 1930 ಒಂದನ್ನು ಬಿಟ್ಟರೆ ಪ್ರಸಾರ ತಪ್ಪಿಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಕಿಟಕಿಯ ಬಣ್ಣದ ಗಾಜುಗಳನ್ನು ತೆಗೆದಿಟ್ಟಿದ್ದ ಆ ದೇವಾಲಯದಿಂದಲೂ ಹಾಡು ಬಂತು. ಮೊದಲ ಗೀತೆಯ ಮೊದಲ ಚರಣವನ್ನು ಒಬ್ಬನೇ ಬಾಲಕ ಹಾಡಬೇಕು. ಆ ಬಾಲಕ ಯಾರೆಂದು ನಾಯಕರು ತೋರಿಸುವುದು ಹಾಡು ಆರಂಭವಾಗುವ ಗಳಿಗೆಯಲ್ಲೇ. ಹಾಗಾಗಿ ಕೆಲವರು ಸಿದ್ಧರಾಗಿರಬೇಕು, ಆರಿಸಲ್ಪಡುವವನು ಒಬ್ಬನೇ. ಉಳಿದವರ ಸಿದ್ಧತೆ ವ್ಯರ್ಥವೇ? ಅಲ್ಲ. ಆಗಮನ ಕಾಲವೆಂದರೂ ಇದೇ ತಾನೆ: ಕರೆ ಬರಲಿ, ಬಾರದಿರಲಿ, ಸಿದ್ಧವಾಗಿರುವುದು.

ಇಷ್ಟೆಲ್ಲ ಶ್ರಮ ಯಾರಿಗಾಗಿ? ಇದಕ್ಕೆ ಉತ್ತರ ಅಸ್ಸೀಸಿಯ ಸಂತ ಕ್ಲಾರಾರ ಜೀವನದಲ್ಲಿದೆ. 1253ರಲ್ಲಿ ದೈವಾಧೀನರಾದ ಈ ತಾಯಿ ಬದುಕಿನ ಕೊನೆಯ ಕಾಲದಲ್ಲಿ ಹಾಸಿಗೆ ಹಿಡಿದಿದ್ದರು. ಒಂದು ಕ್ರಿಸ್ಮಸ್ ರಾತ್ರಿ ಸಹೋದರಿಯರೆಲ್ಲ ಪ್ರಾರ್ಥನೆಗೆ ಹೋದಾಗ ಒಬ್ಬರೇ ಉಳಿದರು. ದೂರದ ಸಂತ ಫ್ರಾನ್ಸಿಸರ ದೇವಾಲಯದಲ್ಲಿ ನಡೆಯುತ್ತಿದ್ದ ಹಾಡು ಅವರಿಗೆ ಮಲಗಿದ್ದಲ್ಲೇ ಕೇಳಿಸಿತು, ಗೋದಲಿಯೂ ಕಾಣಿಸಿತು ಎಂದು ಅವರ ಚರಿತ್ರೆ ಹೇಳುತ್ತದೆ. ಆದ್ದರಿಂದಲೇ 1958ರಲ್ಲಿ ಹನ್ನೆರಡನೇ ಪಯಸ್ ಜಗದ್ಗುರುಗಳು ಅವರನ್ನು ದೂರದರ್ಶನದ ಪಾಲಕಿಯೆಂದು ಘೋಷಿಸಿದರು. ಧರ್ಮಸಭೆಯ ದೃಷ್ಟಿಯಲ್ಲಿ ಈ ಸಾಧನದ ಪಾಲಕಿ ದೊಡ್ಡ ಗಾಯಕಿಯಲ್ಲ, ಬರಲಾಗದೆ ಮನೆಯಲ್ಲಿ ಉಳಿದ ರೋಗಿ!

ಗೋದಲಿಯ ಕಥೆಯಲ್ಲೂ ತೆರೆಯ ಹಿಂದೆ ಒಬ್ಬರಿದ್ದಾರೆ. 1223ರಲ್ಲಿ ಸಂತ ಫ್ರಾನ್ಸಿಸರು ಗ್ರೆಚ್ಚೋದಲ್ಲಿ ಗೋದಲಿಯನ್ನು ಏರ್ಪಡಿಸಿದ್ದು ನಮಗೆಲ್ಲ ಗೊತ್ತು. ಆದರೆ ಸುಮಾರು ಹದಿನೈದು ದಿನ ಮೊದಲೇ ಅವರು ಯೊವಾನ್ನಿ ಎಂಬ ಸ್ನೇಹಿತರಿಗೆ ಹೇಳಿ ಕಳಿಸಿದ್ದರು. ಹುಲ್ಲು, ಎತ್ತು, ಕತ್ತೆಗಳನ್ನು ಹೊಂದಿಸಿದವರು ಅವರೇ. ಫ್ರಾನ್ಸಿಸರನ್ನು ಲೋಕ ನೆನೆಯುತ್ತದೆ. ಹುಲ್ಲು ತಂದವರನ್ನು ನೆನೆಯುವವರು ಕಡಿಮೆ.

2020ರ ಕ್ರಿಸ್ಮಸ್ ನಮಗೆ ಈ ಪಾಠವನ್ನು ಮತ್ತೆ ಕಲಿಸಿತು. ಕೊರೋನಾದ ನಿರ್ಬಂಧದಿಂದ ಆ ವರ್ಷ ಜಗದ್ಗುರು ಫ್ರಾನ್ಸಿಸರು ಜಾಗರಣೆಯ ಬಲಿಪೂಜೆಯನ್ನು ರೋಮಿನ ಸಂಜೆ 7.30ಕ್ಕೇ ಅರ್ಪಿಸಿದರು. ಆಗ ನಮ್ಮಲ್ಲಿ ಸರಿಯಾಗಿ ನಡುರಾತ್ರಿ 12 ಗಂಟೆ. ಮಹಾದೇವಾಲಯದಲ್ಲಿ ಇದ್ದವರು ನೂರಕ್ಕೂ ಕಡಿಮೆ. ಕ್ಯಾಮೆರಾ ಹಿಂದೆ ನಿಂತವರಿಂದಾಗಿ ಲೋಕವೆಲ್ಲ ಆ ಪೂಜೆಯನ್ನು ಕಂಡಿತು.

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ನಮ್ಮ ಕುಟುಂಬಗಳಿಗೆ ಇದು ದೂರದ ಮಾತಲ್ಲ. ಈಗ ಸ್ಟ್ಯಾಂಡಿನ ಮೇಲೆ ಮೊಬೈಲ್ ಇಟ್ಟು ಬಲಿಪೂಜೆ, ಗೀತೆಗಳನ್ನು ಮನೆಮನೆಗೆ ಕಳಿಸುವ ಯುವಕ ಯುವತಿಯರು ನಮ್ಮ ನಡುವೆಯೇ ಇದ್ದಾರೆ. ಕನ್ನಡ, ತೆಲುಗು, ತಮಿಳಿನ ಹಾಡುಗಳು ಕೂಡುವ ಈ ಗಡಿ ಸೀಮೆಯಲ್ಲಿ, ಮಾವಿನ ತೋಪಿನಾಚೆ ಒಂಟಿ ಮನೆಯಲ್ಲಿ ಮಲಗಿರುವ ಅಜ್ಜಿಗೆ ಅದೇ ಹಬ್ಬ. ಮೈಕು ಕೂಗಿದರೆ ನಾವು ತಿರುಗಿ ಗದರುತ್ತೇವೆ. ಚೆನ್ನಾಗಿ ಕೇಳಿಸಿದ ದಿನ ಧನ್ಯವಾದ ಹೇಳಿದ್ದೇವೆಯೇ? ಎಲ್ಲರೂ ಹೊಸ ಬಟ್ಟೆ ತೊಟ್ಟು ಮನೆಯವರ ಜೊತೆ ಕೂತಾಗ ಅವರು ತಂತಿ ಹಿಡಿದು ಮೂಲೆಯಲ್ಲಿ ನಿಂತಿರುತ್ತಾರೆ.

ಒಂದು ಎಚ್ಚರಿಕೆಯ ಮಾತು. ಬರಲು ಶಕ್ತಿ ಇರುವವರಿಗೆ ಟಿ.ವಿ. ಬಲಿಪೂಜೆಗೆ ಬದಲಿಯಲ್ಲ. ಪರದೆಯಿಂದ ಪರಮಪ್ರಸಾದ ಸಿಗುವುದಿಲ್ಲ. ನೇರ ಪ್ರಸಾರ ಇರುವುದು ಕ್ಲಾರಾರಂಥವರಿಗೆ. ಹಾಗೆಯೇ, ಟಿ.ವಿ. ಹಾಕಿಕೊಟ್ಟ ಮಾತ್ರಕ್ಕೆ ನಮ್ಮ ಹೊಣೆ ಮುಗಿಯಲಿಲ್ಲ. ಅವರ ಪಕ್ಕ ಕೂತು ಒಂದು ಹಾಡನ್ನಾದರೂ ಜೊತೆಗೆ ಹಾಡಬೇಕು. ಗುರುಗಳಿಗೆ ತಿಳಿಸಿ, ಪರಮಪ್ರಸಾದ ಅವರ ಹಾಸಿಗೆಯ ಬಳಿಗೆ ಬರುವಂತೆ ನೋಡಿಕೊಳ್ಳಬೇಕು.

ಈ ಕ್ರಿಸ್ಮಸ್ಸಿನಲ್ಲಿ ಎರಡು ಕೆಲಸ ಮಾಡೋಣ. ಪೂಜೆ ಮುಗಿದ ಮೇಲೆ ತಂತಿ ಸುತ್ತುತ್ತಿರುವವರ ಬಳಿ ಹೋಗಿ ಕೈಹಿಡಿದು ಹಬ್ಬದ ಶುಭಾಶಯ ಹೇಳೋಣ, ಮನೆಯ ಕೇಕು ಕಜ್ಜಾಯದಲ್ಲಿ ಅವರಿಗೊಂದು ಪಾಲು ಎತ್ತಿಡೋಣ. ಬಳಿಕ ಬರಲಾಗದವರ ಮನೆಯ ಬಾಗಿಲು ತಟ್ಟೋಣ. ಕುರುಬರನ್ನು ತನ್ನ ಬಳಿಗೆ ಮೊದಲು ಕರೆಸಿಕೊಂಡ ಬಾಲಯೇಸು ಕಾಣದಂತೆ ದುಡಿಯುವ ಎಲ್ಲರನ್ನೂ ಹರಸಲಿ. ಆಮೆನ್.